ತುದಿಯಲ್ಲಿ ಕೂತವರ ಮುಖ

ನಮ್ಮ ಸೋದರತ್ತೆಯನ್ನು ಊರಲ್ಲಿ ಎಲ್ಲರೂ ಉದ್ದಕ್ಕ ಎಂದೇ ಕರೆಯುತ್ತಾರೆ. ಆಳು ಗಿಡ್ಡ, ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ನಿಂತರೆ ನೆತ್ತಿ ಮಾತ್ರ ಕಾಣುತ್ತದೆ. ಉದ್ದ ಇರುವುದು ಅವಳು ತೆಗೆಯುವ ಫೋಟೋ. ಹೋಟೆಲಿನ ಸಭಾಂಗಣ, ಕಾರ್ಖಾನೆಯ ಯಂತ್ರಗಳ ಸಾಲು, ಸೇತುವೆ, ಯಾವುದೇ ಆಗಲಿ, ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ಪಟ್ಟಿಯಲ್ಲಿ ಹಿಡಿದುಕೊಡುತ್ತಾಳೆ. ಕಂಪನಿಯವರು ಅದನ್ನು ದೊಡ್ಡದು ಮಾಡಿಸಿ, ಹಿಂದೆ ದೀಪ ಕೂರಿಸಿ ಗೋಡೆಗೆ ಹಾಕಿಕೊಳ್ಳುತ್ತಾರೆ. ಅದಕ್ಕಾಗಿ ಅವಳಿಗೆ, ದೀಪಕ್ಕೆ ಹಿಡಿದರೆ ಚಿತ್ರ ನೇರವಾಗಿ ಕಾಣುವ ಸ್ಲೈಡ್ ಫಿಲ್ಮೇ ಆಗಬೇಕು.

ಸ್ಲೈಡ್ ಫಿಲ್ಮಿನದೂ ಅತ್ತೆಯದೂ ಒಂದೇ ಸ್ವಭಾವ, ಚೂರು ಹೆಚ್ಚುಕಮ್ಮಿಯಾದರೂ ಸಹಿಸುವುದಿಲ್ಲ. ನೆಗೆಟಿವ್ ಆದರೆ ಪ್ರಿಂಟ್ ಹಾಕುವಾಗ ತಿದ್ದಿಕೊಳ್ಳಬಹುದು. ಸ್ಲೈಡಿನಲ್ಲಿ ಬಿದ್ದದ್ದು ಬಿದ್ದ ಹಾಗೆಯೇ: ಬೆಳಕು ಹೆಚ್ಚಾದರೆ ಬಿಳಿಚಿಕೊಳ್ಳುತ್ತದೆ, ಕಡಿಮೆಯಾದರೆ ಮಸಿ. ಸಾಲದ್ದಕ್ಕೆ ಅಗಲದ ಕ್ಯಾಮೆರಾಗಳಿಗೆ ಒಂದು ಹುಟ್ಟುಗುಣವಿದೆ. ನಡುವಿಗೆ ಧಾರಾಳವಾಗಿ ಬೆಳಕು ಬಡಿಸಿ, ತುದಿಗಳಿಗೆ ಬರುವಷ್ಟರಲ್ಲಿ ಕೈ ಬಿಗಿಹಿಡಿಯುತ್ತವೆ. ನಡುವೆ ಕೂತವನು ಮದುಮಗನ ಹಾಗೆ ಹೊಳೆದರೆ ತುದಿಯವನು ಕತ್ತಲಲ್ಲಿ ಅವಿತ ಕಳ್ಳನಂತಿರುತ್ತಾನೆ. ಇದಕ್ಕೆ ಮದ್ದು ಒಂದು ದುಂಡನೆಯ ಗಾಜು. ಅದರ ನಡುಭಾಗ ಬೂದು, ಅಂಚಿಗೆ ಹೋದಂತೆ ತಿಳಿ. ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿದರೆ ನಡುವಿನ ಹೆಚ್ಚಿನ ಬೆಳಕನ್ನು ನುಂಗಿಕೊಂಡು ಎಲ್ಲರನ್ನೂ ಸಮಕ್ಕೆ ತರುತ್ತದೆ. ಆದರೆ ಒಟ್ಟು ಬೆಳಕು ಕಡಿಮೆಯಾಗುವುದರಿಂದ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟು ಹೊತ್ತೂ ಎದುರಿಗಿರುವವರು ಅಲುಗಬಾರದು.

ಆ ಗಾಜಿಲ್ಲದೆ ಅತ್ತೆ ಫೋಟೋ ತೆಗೆಯುವವಳೇ ಅಲ್ಲ. ಒಬ್ಬ ಮ್ಯಾನೇಜರು "ತುದೀನ ಯಾರು ನೋಡ್ತಾರೆ, ಬಿಡಿ" ಎಂದಾಗ, "ತುದೀಲಿ ನಿಂತಿರೋರು ನೋಡ್ತಾರೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಅಂಥವಳ ಹಟ ಸಡಿಲವಾದದ್ದನ್ನು ನಾನು ಕಂಡದ್ದು ಒಂದೇ ಸಲ, ಅಜ್ಜನ ಹೊಲಿಗೆ ಅಂಗಡಿಯಲ್ಲಿ.

ಅಜ್ಜ, ಅಂದರೆ ಅತ್ತೆಯ ಅಪ್ಪ, ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ಆ ಕೈಗೇ ನಡುಕ ಬಂತು. ಡಾಕ್ಟರು ಮಾತ್ರೆ ಕೊಟ್ಟರು, ಜಗ್ಗಲಿಲ್ಲ. ಅಜ್ಜ ಕತ್ತರಿ ಬಿಟ್ಟರು, ಅಂಗಡಿ ಬಿಡಲಿಲ್ಲ. ಗಿರಾಕಿ ಒಳಗೆ ಬಂದರೆ ಬಲಗೈ ಮೇಜಿನ ಕೆಳಗೆ ಹೋಗುತ್ತಿತ್ತು. ಮನೆಯಲ್ಲೂ ಅಷ್ಟೇ, ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಜೊತೆಗೆ ಕರೆದರೆ ಸಿಡುಕುತ್ತಿದ್ದರು. ನೋಡಿ ನಮಗೆಲ್ಲ ಸಂಕಟವಾಗುತ್ತಿತ್ತು, ಆದರೆ ಬಾಯಿ ಬಿಡಲು ಧೈರ್ಯವಿರಲಿಲ್ಲ.

ಅಷ್ಟರಲ್ಲಿ ಅಂಗಡಿಯಿದ್ದ ಕಟ್ಟಡವನ್ನು ಕೆಡವುವುದೆಂದು ತೀರ್ಮಾನವಾಯಿತು. ಕೆಲಸದವರು ದಿಕ್ಕಿಗೊಬ್ಬರಾಗಿ ಹೋಗುವ ಮೊದಲು ಎಲ್ಲರನ್ನೂ ಅಪ್ಪನ ಜೊತೆ ಒಂದೇ ಫೋಟೋದಲ್ಲಿ ಕೂರಿಸಬೇಕೆಂದು ಅತ್ತೆ ಪಟ್ಟು ಹಿಡಿದಳು. ಅಜ್ಜ ಕೊಸರಾಡಿದರು. "ಅಪ್ಪಾ, ಮೇಜಿನ ಕೆಳಗೇ ಇಟ್ಕೋ ಕೈನ, ನಾನೇನು ಬೇಡ ಅಂದ್ನಾ?" ಎಂದ ಮೇಲೆ ಒಪ್ಪಿದರು.

ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದ. ಕಿಟಕಿಗಳಿದ್ದುದು ಎಡಕ್ಕೆ ಮಾತ್ರ. ಅಲ್ಲಿ ಇಸ್ತ್ರಿ ಮಾಮ. ನಡುವೆ ಮೇಜಿನ ಹಿಂದೆ ಅಜ್ಜ, ಅಕ್ಕಪಕ್ಕ ಹೊಲಿಗೆಯವರು. ಬಲತುದಿಯ ಮಬ್ಬಿನಲ್ಲಿ ಅಂಗಿಗಳಿಗೆ ಕಾಜಾ ಹಾಕುವ, ಅಂದರೆ ಗುಂಡಿಯ ತೂತು ಹೊಲಿಯುವ ಹೆಂಗಸು, ನಮಗೆಲ್ಲ ಕಾಜಾ ಅಕ್ಕ. ಫ್ಲ್ಯಾಶ್ ಹೊಡೆದರೆ ನಡುವಷ್ಟೇ ಬೆಳಗುತ್ತದೆಂದು ಅತ್ತೆ ಅದನ್ನು ಚೀಲದಿಂದ ತೆಗೆಯಲೇ ಇಲ್ಲ. ಬಿಳಿ ಲೈನಿಂಗ್ ಬಟ್ಟೆಯ ಥಾನು ಬಿಚ್ಚಿಸಿ, ಎಡಗಡೆಯ ಬೆಳಕು ತಗ್ಗಲೆಂದು ಕಿಟಕಿಗಳಿಗೆ ಎರಡು ಪದರ ಕಟ್ಟಿದಳು. ಉಳಿದದ್ದನ್ನು ಬಲಗಡೆ, ಫೋಟೋಕ್ಕೆ ಬೀಳದ ಹಾಗೆ, ಹಗ್ಗದ ಮೇಲೆ ಇಳಿಬಿಟ್ಟಳು. ಬೆಳಕು ಅದಕ್ಕೆ ತಾಗಿ ಮೂಲೆಗೆ ಮರಳಿತು. ಆಮೇಲೆ ಬೆಳಕು ಅಳೆಯುವ ಮೀಟರನ್ನು ಒಬ್ಬೊಬ್ಬರ ಗಲ್ಲದ ಹತ್ತಿರ ಹಿಡಿದು ನೋಡುತ್ತಾ ಹೋದಳು.

"ಏನಮ್ಮಾ, ಜ್ವರ ನೋಡ್ತಿದೀಯಾ?" ಎಂದ ಇಸ್ತ್ರಿ ಮಾಮ.

"ಮಾತಾಡಿದ್ರೆ ಗಲ್ಲ ಅಲ್ಲಾಡುತ್ತೆ, ಸುಮ್ನಿರಿ ಮಾಮ."

ಬೆಳಕು ಸಮವಾಯಿತು. ಕ್ಯಾಮೆರಾ ಒಂದು ಸೆಕೆಂಡು ಪೂರ್ತಿ ತೆರೆದಿರಬೇಕು, ಯಾರೂ ಮಿಸುಕಬೇಡಿ ಎಂದಳು. ಎಲ್ಲರೂ ಉಸಿರು ಬಿಗಿಹಿಡಿದರು. ಆಗ ಕೇಳಿಸಿತು ಕಟಕಟ ಸದ್ದು. ಅಜ್ಜನ ಕೈ ಕೆಳಗಿನಿಂದ ತಾಗಿ ಮೇಜೇ ನಡುಗುತ್ತಿತ್ತು. ಕೈ ಹಿಂದೆಗೆದರೆ ನಡುಕ ಭುಜಕ್ಕೇರಿತು. ಎಲ್ಲರೂ ಬೇಕೆಂದೇ ಬೇರೆ ಕಡೆ ನೋಡಿದರು, ಅದೇ ಅಜ್ಜನಿಗೆ ಚುಚ್ಚಿರಬೇಕು.

"ನಾನು ಆಚೆ ಕೂತ್ಕೋತೀನಿ. ನೀವು ತೆಗೆಸ್ಕೊಳ್ಳಿ," ಎಂದು ಅಜ್ಜ ಎದ್ದರು.

ಅತ್ತೆಯ ಮುಖ ಸಣ್ಣಗಾಯಿತು. ಕ್ಯಾಮೆರಾದ ಮುಂದೆ ಬಂದು ಗಾಜನ್ನು ತಿರುಗಿಸಿ ಬಿಚ್ಚತೊಡಗಿದಳು. ಅವಳು ಹಾಗೆ ಮಾಡುತ್ತಾಳೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಅದ್ಯಾಕೆ ತೆಗೀತಿದೀಯ?" ಅಜ್ಜ ಕೇಳಿದರು.

"ಇದಿಲ್ದಿದ್ರೆ, ಲೆನ್ಸಿನ ಬಾಯೂ ಅಗಲ ಮಾಡಿದ್ರೆ, ಚಿಟಿಕೆ ಹೊಡೆಯೋಷ್ಟರಲ್ಲಿ ಮುಗಿಯುತ್ತೆ. ನಿನ್ನ ನಡುಕ ಕಾಣ್ಸಲ್ಲ."

"ಮತ್ತೆ ಮೊದ್ಲೇ ತೆಗೀಬಾರ್ದಿತ್ತಾ?"

ಅತ್ತೆ ತಡವರಿಸಿದಳು. "ತುದಿ ಕಪ್ಪಾಗುತ್ತೆ. ಕಾಜಾ ಅಕ್ಕ, ಮಾಮ, ಇಬ್ರ ಮುಖಾನೂ ಸರಿಯಾಗಿ ಬರಲ್ಲ."

"ನಮ್ಮ ಮುಖ ಯಾರಿಗೆ ಬೇಕು ಯಜಮಾನ್ರೇ, ನೀವು ಕೂತ್ಕೊಳ್ಳಿ" ಎಂದಳು ಕಾಜಾ ಅಕ್ಕ. ಮಾಮನೂ ಹೂಂಗುಟ್ಟಿದ.

ಅಜ್ಜ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಕುರ್ಚಿಗೆ ಬಂದು ಕೂತು, ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕತ್ತರಿಯನ್ನು ಕೊಡಲು ಹೇಳಿ, ಮೇಜಿನ ಮೇಲೆ ಅದರ ಹಿಡಿಕೆಗೆ ಬಲಗೈ ಇಟ್ಟರು. ಕೈ ಕುಣಿಯುತ್ತಲೇ ಇತ್ತು.

"ಇವಳು ಕಾಜಾ ಹಾಕದೆ, ಇವನು ಇಸ್ತ್ರಿ ಮಾಡದೆ ನಾನು ಕತ್ತರಿಸಿದ ಒಂದು ಅಂಗಿನೂ ಹೊಸ್ತಿಲು ದಾಟಿಲ್ಲ. ಗಾಜು ಹಾಕು," ಎಂದರು.

ಅತ್ತೆ ಹಾಕಿದಳು. ಹಿಂದೆ ಹೋಗಿ, ಒಂದು ಸೆಕೆಂಡು ಪೂರ್ತಿ ಕ್ಯಾಮೆರಾ ತೆರೆದಿಟ್ಟಳು.

ಅಂಗಡಿ ಖಾಲಿ ಮಾಡುವ ದಿನ ಸ್ಲೈಡ್ ತಂದು ದೀಪದ ಪೆಟ್ಟಿಗೆಯ ಮೇಲಿಟ್ಟಳು. ಈ ತುದಿಯಿಂದ ಆ ತುದಿಯವರೆಗೆ ಮುಖಗಳೆಲ್ಲ ಒಂದೇ ಸಮ. ಕಾಜಾ ಅಕ್ಕನ ಬೆರಳಲ್ಲಿದ್ದ ಸೂಜಿ ಕೂಡ ಕಾಣುತ್ತಿತ್ತು. ನಡುವೆ ಅಜ್ಜನ ಮುಖ ಮಾತ್ರ ಅಲುಗಿ ಸ್ವಲ್ಪ ಮಸುಕು. ಕತ್ತರಿಯ ಮೇಲೆ ಕೈಯ ಬದಲು ಹೊಗೆಯಂಥದ್ದೊಂದು ಗುರುತು. ಅಜ್ಜ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಆ ಕನ್ನಡಿಯನ್ನು ಕಾಜಾ ಅಕ್ಕನ ಕೈಗೆ ಕೊಟ್ಟರು. ಅತ್ತೆ ಉಗುರು ಕಚ್ಚುತ್ತಾ ನಿಂತಿದ್ದಳು.

ಕಾಜಾ ಅಕ್ಕ ತನ್ನ ಮುಖ ನೋಡಿಕೊಂಡಳು. ನಿಧಾನಕ್ಕೆ ಭೂತಗನ್ನಡಿಯನ್ನು ನಡುವಿಗೆ ಸರಿಸಿದಳು.

"ನೋಡಿ ಯಜಮಾನ್ರೇ, ನಾವೆಲ್ಲ ಗೊಂಬೆ ಥರ ಸುಮ್ನೆ ಕೂತಿದೀವಿ. ಕೆಲಸ ಮಾಡ್ತಿರೋದು ನಿಮ್ಮ ಕೈ ಒಂದೇ!"

ಅಜ್ಜ ಗಹಗಹಿಸಿ ನಕ್ಕರು. ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡಿತು. ಎಲ್ಲರ ಎದುರಿಗೇ, ನಡುಗುವ ಬಲಗೈಯಲ್ಲೇ ಕಣ್ಣೊರೆಸಿಕೊಂಡರು.