ಕುಂಟು ಮುಚ್ಚದ ಶೂ

ನಾನು ಚಪ್ಪಲಿ, ಶೂ ಹೊಲಿದು ಮಾರುವವನು. ಗಿರಾಕಿ ಹೊಸ್ತಿಲು ದಾಟುವಾಗ ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ. ಆ ಲೆಕ್ಕದಲ್ಲಿ ನನ್ನ ಅಕ್ಕ ಕಪಾಟಿನಲ್ಲಿಟ್ಟು ಮಾರುವ ಸರಕಲ್ಲ. ಕುಳ್ಳಗಿನ ಆಳು, ಬಾತುಕೋಳಿಯಂಥ ಅಗಲ ಪಾದ, ಬಿರುಕುಬಿಟ್ಟ ಹಿಮ್ಮಡಿ, ಸವೆದ ಬಲ ಮಂಡಿ. ಸವೆಯದೇ ಉಳಿದದ್ದು ನಾಲಿಗೆಯೊಂದೇ. ಹೊಲಿಗೆ ಗಟ್ಟಿ, ಅಷ್ಟು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಮಿಷನ್ ಆಸ್ಪತ್ರೆಯ ನರ್ಸ್ ಆಗಿ ಅವಳು ಕಡಲಾಚೆಗೆ ಹೋದಾಗ ನನಗಿನ್ನೂ ಮೀಸೆ ಬಂದಿರಲಿಲ್ಲ. ಈಗ ಅದು ಬೆಳ್ಳಗಾಗಿದೆ. ನಡುವೆ ಅಮ್ಮ ತೀರಿಕೊಂಡಳು. ಸುದ್ದಿ ಅಕ್ಕನಿಗೆ ಮುಟ್ಟುವಷ್ಟರಲ್ಲಿ ಸಮಾಧಿಯ ಮಣ್ಣು ಒಣಗಿತ್ತು. ನನ್ನ ಮದುವೆಗೆ ಬರಲಾಗಲಿಲ್ಲ, ನನ್ನ ಮಗಳ ಮದುವೆಗೂ ಬರಲಾಗಲಿಲ್ಲ. ತನ್ನದೇ ಒಂದು ಮದುವೆ ಆಗಬಹುದಿತ್ತು. ನೋಡಲು ಬಂದ ಮೇಷ್ಟರು ಒಳ್ಳೆಯವರೇ. "ಕಡಲಾಚೆ ಬೇಡ" ಎಂದರು. ಅಕ್ಕ ಇನ್ನೊಂದು ಲೋಟ ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿಕೊಟ್ಟಳು.

ಈ ಸಲ ರಜೆಗೆ ಕುಂಟುತ್ತ ಬಂದಳು. ಮತ್ತೆ ಹೋಗಬೇಕಾದರೆ ಇಲ್ಲಿನ ಮಿಷನ್ ಆಸ್ಪತ್ರೆಯ ಡಾಕ್ಟರು ಪರೀಕ್ಷಿಸಿ ಒಪ್ಪಬೇಕು. ಕಡಲಾಚೆಯ ಹೆರಿಗೆ ವಾರ್ಡಿಗೆ ಇವಳೊಬ್ಬಳೇ ಹಿರಿಯ ನರ್ಸ್. ಇವಳ ಕೈಕೆಳಗೆ ಕಲಿಯುತ್ತಿರುವ ಹುಡುಗಿಯರು ಇನ್ನೂ ಅರ್ಧ ದಾರಿಯಲ್ಲಿದ್ದಾರೆ. ಇವಳು ಹೋಗದಿದ್ದರೆ ಆ ವಾರ್ಡಿಗೆ ಬೀಗ ಬೀಳುತ್ತದೆ.

ಅವಳು ಇಲ್ಲೇ ಉಳಿಯಲಿ ಎಂಬುದು ನನ್ನಾಸೆ. ಆದರೆ ಅಂಗಡಿಗೆ ಬಂದು ಶೂ ಕೇಳಿದವರಿಗೆ ಇಲ್ಲ ಎನ್ನುವುದು ನನ್ನ ಬಾಯಿಗೆ ಬರುವುದಿಲ್ಲ. ಬುದ್ಧಿಯೆಲ್ಲ ಖರ್ಚು ಮಾಡಿ, ಹೊರಗೆ ಕಾಣದ ಹಾಗೆ ಒಳಗಡೆ ಬಲಗಾಲಿನ ಹಿಮ್ಮಡಿ ಎತ್ತರಿಸಿ ಒಂದು ಜೊತೆ ಮಾಡಿಕೊಟ್ಟೆ. ಕನ್ನಡಿಯ ಮುಂದೆ ನಡೆದಳು. ಕುಂಟು ಮಾಯ.

"ಹೇಗಿದೆ ಅಕ್ಕ?"

"ಕಾಲು ನೋಯ್ತಾನೇ ಇದೆ. ನೋಡೋರ ಕಣ್ಣಿಗೆ ಮಾತ್ರ ವಾಸಿಯಾಗಿದೆ."

"ಡಾಕ್ಟರು ನೋಡೋರೇ ತಾನೆ?"

"ನಾನು ಕೇಳಿದ್ದು ನಿಲ್ಲೋಕೆ ಶೂ ಕಣೋ, ನಾಟಕಕ್ಕಲ್ಲ. ದೇವರ ಕೆಲಸಕ್ಕೆ ಹೊರಟೋಳು ಸುಳ್ಳು ಹೆಜ್ಜೆ ಹಾಕ್ಕೊಂಡು ಹೋಗ್ಲಾ?"

"ಹಾಗಾದ್ರೆ ನಿನ್ನ ದೇವರ ಹತ್ರಾನೇ ಹೊಲಿಸ್ಕೋ."

"ಅದಕ್ಕೇ ನಿನ್ನನ್ನ ತಮ್ಮ ಅಂತ ಕೊಟ್ಟಿರೋದು. ಬಾಯಿ ಮುಚ್ಕೊಂಡು ಅಟ್ಟೆ ಬಿಚ್ಚು."

ಬಿಚ್ಚಿದೆ. ಅಗಲವಾಗಿ, ಮೆತ್ತಗೆ, ದೋಣಿಯಂಥ ಒಂದು ಜೊತೆ ತಯಾರಾಯಿತು. ಗಾಜಿನ ಹಿಂದೆ ಇಟ್ಟಿದ್ದರೆ ಇದ್ದ ಗಿರಾಕಿಯೂ ಎದ್ದು ಹೋಗುತ್ತಿದ್ದ. ಕುಂಟು ಹಾಗೇ ಉಳಿಯಿತು. ಅಕ್ಕನಿಗೆ ಅದು ಬಲು ಇಷ್ಟವಾಯಿತು.

ಪರೀಕ್ಷೆಯ ದಿನ ಡಾಕ್ಟರು ಅವಳ ನಡಿಗೆ ನೋಡಿ ಪೆನ್ನು ಕೆಳಗಿಟ್ಟರು. "ಸಿಸ್ಟರ್, ಕುಂಟ್ತಾ ಇದೀರಿ."

"ಹೌದು ಡಾಕ್ಟ್ರೇ, ಕುಂಟ್ತಾನೇ ಕೆಲಸ ಮಾಡ್ತೀನಿ. ನಿಮ್ಮ ವಾರ್ಡಲ್ಲೇ ಒಂದು ಪಾಳಿ ಹಾಕಿ ನೋಡಿ. ಮಧ್ಯದಲ್ಲಿ ಕೂತ್ಕೊಂಡ್ರೆ ನೀವು ಹೇಳೋದೇ ಬೇಡ, ನಾನೇ ಮನೆಗೆ ಹೋಗ್ತೀನಿ."

ಡಾಕ್ಟರು ಒಪ್ಪಿದರು. ಮಾರನೆಯ ಬೆಳಿಗ್ಗೆ ಅಂಗಡಿ ಮುಚ್ಚಿ ನಾನೂ ಹೋದೆ. ಬುತ್ತಿ ಹಿಡಿದು ವಾರ್ಡಿನ ಎದುರು ಬೆಂಚಿನ ಮೇಲೆ ಕೂತೆ. ಒಳಗೆ ಒಂದು ಭಾರದ ಹೆಜ್ಜೆ, ಒಂದು ಹಗುರದ್ದು; ಹಾಸಿಗೆಯಿಂದ ಹಾಸಿಗೆಗೆ ಹೋಗಿಬರುತ್ತಿದ್ದವು. ಚಾದರ ಬದಲಿಸಿದಳು, ಮಲದ ಪಾತ್ರೆ ತೊಳೆದಳು, ಹಡೆದ ಹೆಂಗಸೊಬ್ಬಳನ್ನು ತೋಳು ಕೊಟ್ಟು ನಡೆಸಿದಳು. ಬಾಗಿಲ ಬಳಿ ಒಂದು ಖಾಲಿ ಕುರ್ಚಿಯಿತ್ತು. ಅವಳು ಅದರ ಪಕ್ಕ ಹಾದಾಗಲೆಲ್ಲ 'ಕೂರೇ ಮಾರಾಯ್ತಿ' ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಮಧ್ಯಾಹ್ನದ ಮೇಲೆ ಅವಳ ಮುಖ ಬಿಳುಚಿಕೊಂಡಿತು. ಗೋಡೆ ಹಿಡಿದು ಬಂದಳು. ಕುರ್ಚಿಯ ಬೆನ್ನಿಗೆ ಕೈ ಹಾಕಿದಳು. ನಾನು ಎದ್ದು ನಿಂತೆ. ಅವಳು ಕುರ್ಚಿಯನ್ನು ಎಳೆದುಕೊಂಡು ಹೋಗಿ ಒಂದು ಮಂಚದ ಪಕ್ಕದಲ್ಲಿ ಇಟ್ಟಳು. "ಅಜ್ಜಿ, ಎಷ್ಟೊತ್ತು ಅಂತ ನಿಂತ್ಕೋತೀರಿ? ಮಗಳ ಹತ್ರ ಕೂತ್ಕೊಳ್ಳಿ."

ನಾನು ಮತ್ತೆ ಬೆಂಚಿನ ಮೇಲೆ ಕೂತೆ.

ಪಾಳಿ ಮುಗಿಯುವವರೆಗೂ ಅವಳು ಕೂರಲಿಲ್ಲ. ಡಾಕ್ಟರು ಒಪ್ಪಿಗೆ ಕೊಟ್ಟರು, ಷರತ್ತಿನೊಂದಿಗೆ: ಭಾರ ಎತ್ತುವ ಕೆಲಸ ಹುಡುಗಿಯರದು, ಅವರ ಕಲಿಕೆ ಮುಗಿದ ಕೂಡಲೇ ಅಕ್ಕ ಊರಿಗೆ ಬಂದುಬಿಡಬೇಕು.

ಮನೆಯ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಅಷ್ಟು ದೊಡ್ಡ ದೇಶದಲ್ಲಿ ಇನ್ಯಾರೂ ಇಲ್ವಾ ಅಕ್ಕ?"

ಅವಳು ನನ್ನ ಎಡಗಾಲು ನೋಡಿದಳು. "ನಿನ್ನ ಕಾಲಿಗೆ ಪಟ್ಟಿ ಕಟ್ಟೋಕೆ ಬಂದ್ಲಲ್ಲ, ಅವಳ ತಮ್ಮನೂ ಹೀಗೇ ಕೇಳಿರ್ತಾನೆ."

ನಾನು ಹುಟ್ಟುವಾಗಲೇ ನನ್ನ ಎಡಪಾದ ಒಳಗೆ ತಿರುಚಿಕೊಂಡಿತ್ತು. ಎಲ್ಲಿಂದಲೋ ಕಡಲು ದಾಟಿ ಬಂದ ಮಿಷನ್ ನರ್ಸ್ ಒಬ್ಬಳು ಅದನ್ನು ನೇರಕ್ಕೆ ಎಳೆದು ಬಟ್ಟೆಪಟ್ಟಿ ಕಟ್ಟುವುದನ್ನು ಅಕ್ಕನಿಗೆ ಕಲಿಸಿದಳು. ನಾನು ಕಿರುಚುತ್ತಿದ್ದೆ, ಒದೆಯುತ್ತಿದ್ದೆ. ಓರಗೆಯವರು ಆಡುವ ಹೊತ್ತಿನಲ್ಲಿ ಅಕ್ಕ ದಿನವೂ ಬಿಚ್ಚಿ ಕಟ್ಟುತ್ತಿದ್ದಳು. ಪಾದ ನೆಟ್ಟಗಾಗುವ ಹೊತ್ತಿಗೆ ತಾನು ಏನಾಗಬೇಕೆಂದು ಅವಳು ತೀರ್ಮಾನಿಸಿಯಾಗಿತ್ತು.

ಆ ಪಾದ ಈಗಲೂ ಇನ್ನೊಂದಕ್ಕಿಂತ ಸಣ್ಣದು. ಶೂ ತುದಿಗೆ ಒಂದಿಷ್ಟು ಹತ್ತಿ ತುರುಕಿಕೊಳ್ಳುತ್ತೇನೆ. ಆದರೆ ಹಿಮ್ಮಡಿ ನೆಲ ಮುಟ್ಟುತ್ತದೆ. ದಿನವಿಡೀ ನಿಂತು ವ್ಯಾಪಾರ ಮಾಡುತ್ತೇನೆ, ಕೋಲಿಲ್ಲದೆ ನಡೆಯುತ್ತೇನೆ. ಆ ನಡಿಗೆ ಅಕ್ಕನ ಋಣ.