ಎರಡನೆಯ ಲಕೋಟೆ

ಗಂಗಾವತಿಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಮನೆಯ ಹುಡುಗಿ ನಸೀಮಾ ಮೂರು ತಿಂಗಳಿಂದ ಒಂದು ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಾಳೆ. ಅದರಲ್ಲಿ ಪಾಸಾದರೆ ಮುಂದಿನ ಓದಿಗೆ ಸೀಟು ಸಿಗುತ್ತದಂತೆ. ಸಂಜೆಯಾದರೆ ಮೊಬೈಲನ್ನು ಕಿಟಕಿಯಲ್ಲಿಟ್ಟು ಹಚ್ಚುತ್ತಾಳೆ. ಒಬ್ಬ ಹೆಂಗಸಿನ ದನಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ನಿಧಾನವಾಗಿ, ಒಂದೊಂದು ಪದವನ್ನೂ ಬಿಡಿಸಿ ಓದುತ್ತದೆ. ನಿಲ್ಲುತ್ತದೆ. ಮತ್ತೆ ಅದನ್ನೇ ಓದುತ್ತದೆ. ಹುಡುಗಿ ಬರೆದುಕೊಳ್ಳುತ್ತಾಳೆ. ನಾನು ಇತ್ತ ಕಡೆ ಪತ್ರಿಕೆ ಮಡಚಿಟ್ಟು ಕೂಡುತ್ತೇನೆ. ಆ ನಿಧಾನ, ಆ ನಿಲ್ಲುವಿಕೆ ನನಗೆ ಗೊತ್ತಿರುವುದೇ.

ಹೋದ ತಿಂಗಳು ಆ ಹುಡುಗಿ ಏನೋ ಸಂಶಯ ಕೇಳಲು ಬಂದವಳು ಹೊರಡುವಾಗ ಕೇಳಿದಳು: "ಸರ್, ನಿಮಗ ಇಂಗ್ಲಿಷ್ ಯಾರು ಕಲಿಸಿದ್ರು?"

ಮೂವತ್ತು ವರ್ಷ ಇಂಗ್ಲಿಷ್ ಅಧ್ಯಾಪಕನಾಗಿದ್ದವನಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರವೂ ತಯಾರಿದೆ. ಕನ್ನಡ ಸಾಲಿಯ ಹುಡುಗ, ಯಾರ ಸಹಾಯವೂ ಇಲ್ಲದೆ, ಒಂದು ಡಿಕ್ಷನರಿ ಹಿಡಿದು ಸ್ವಂತ ಕಲಿತೆ. ಎಷ್ಟು ಸನ್ಮಾನಗಳಲ್ಲಿ ಇದನ್ನು ಹೇಳಿಲ್ಲ! ಕಾರಟಗಿಯ ಒಂದು ಸಭೆಯಲ್ಲಂತೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಂದು ಆ ಉತ್ತರ ನಾಲಿಗೆಯ ತುದಿಗೆ ಬಂದು ಯಾಕೋ ಅಲ್ಲೇ ನಿಂತಿತು. ನಾಳೆ ಹೇಳುತ್ತೇನೆ ಎಂದು ಹುಡುಗಿಯನ್ನು ಕಳಿಸಿದೆ. ಸುಳ್ಳು ಹೇಳಲು ಯಾರಾದರೂ ಒಂದು ದಿನದ ವಾಯಿದೆ ಕೇಳುತ್ತಾರೆಯೇ? ನಿಜ ಹೇಳುವುದಿತ್ತು. ಅದಕ್ಕೇ ತಡವಾಯಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಮನೆ ಕುಷ್ಟಗಿಯಲ್ಲಿ. ಅಣ್ಣ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅಪ್ಪ ಇರಲಿಲ್ಲ. ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ, ನಾನು, ನಾಲ್ಕೇ ಮಂದಿ. ನಾನು ಗಂಗಾವತಿಯಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ಧಾರವಾಡಕ್ಕೆ ಹೋಗಿ ಇಂಗ್ಲಿಷಿನಲ್ಲಿ ಎಂ.ಎ. ಮಾಡುವ ಹುಚ್ಚು. ಅದಕ್ಕೊಂದು ಪ್ರವೇಶ ಪರೀಕ್ಷೆ: ಪ್ರಬಂಧ, ಸಾರಾಂಶ, ವ್ಯಾಕರಣ, ಮತ್ತೆ ಅವರು ಓದಿದ್ದನ್ನು ಕೇಳಿ ಬರೆಯುವುದು. ನನ್ನ ಇಂಗ್ಲಿಷ್ ಎಂಥದ್ದೆಂದರೆ, ಕಾಲೇಜಿನಲ್ಲಿ ಗೈಡಿನ ಉತ್ತರಗಳನ್ನು ಅಲ್ಪವಿರಾಮ ಸಹಿತ ಬಾಯಿಪಾಠ ಮಾಡಿ ಪಾಸಾದದ್ದು. ಪ್ರಶ್ನೆ ಸ್ವಲ್ಪ ಮಗ್ಗುಲು ಬದಲಿಸಿದರೆ ನಾನು ಮುಗಿದೆ. ಆದರೂ ದಪ್ಪ ಡಿಕ್ಷನರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು, ಬೆಲ್ ಬಾಟಮ್ ಪ್ಯಾಂಟು ನೆಲ ಗುಡಿಸುತ್ತಿರಲು, ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬರುತ್ತಿದ್ದೆ. ದಿನಕ್ಕೆ ಇಪ್ಪತ್ತು ಪದ ಎಂದು ಮೊದಲ ಪುಟದಿಂದ ಹಿಡಿದಿದ್ದೆ. 'ಸಿ' ದಾಟುವ ಹೊತ್ತಿಗೆ 'ಎ' ಪೂರಾ ಮರೆತಿತ್ತು.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಓದುತ್ತಿದ್ದೆ, "ಹೀ ಗೋ ಟು ಮಾರ್ಕೆಟ್ ಡೇಲಿ" ಎಂದು. ಅಡಿಗೆಮನೆಯಿಂದ, ರೊಟ್ಟಿ ಬಡಿಯುವ ಸಪ್ಪಳದ ನಡುವೆ, "ಗೋಸ್" ಎಂದಿತು ಒಂದು ದನಿ. ನಾನು ನಿಂತೆ. ಬಡಿಯುವ ಸಪ್ಪಳವೂ ನಿಂತಿತು. "ಹೀ ಗೋಸ್. ಮತ್ತ ಮಾರ್ಕೆಟ್ಟಿಗಿಂತ ಮೊದ್ಲ 'ದ' ಬರಬೇಕು ತಮ್ಮಾ," ಎಂದಳು ವೈನಿ.

ವೈನಿ ಹುಬ್ಬಳ್ಳಿಯವಳು. ಅವರಪ್ಪ ರೈಲ್ವೆಯಲ್ಲಿದ್ದರು. ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಿದ್ದಳು. ಮದುವೆಯಲ್ಲಿ ಅವ್ವ ಸೊಸೆಯ ಬಿ.ಎ.ಯನ್ನು ನಾಲ್ಕು ಮಂದಿಗೆ ಹೇಳಿ ಹೆಮ್ಮೆಪಟ್ಟಿದ್ದೂ ಉಂಟು. ಆಮೇಲೆ ಎಲ್ಲರೂ ಅದನ್ನು ಮರೆತರು. ಮದುವೆಗೆ ತಂದ ಹೊಸ ಪಾತ್ರೆಗಳನ್ನು ಅಟ್ಟದ ಮೇಲಿಟ್ಟು ಮರೆಯುವುದಿಲ್ಲವೇ, ಹಾಗೆ. ನನಗಿಂತ ಮೂರು ವರ್ಷ ದೊಡ್ಡವಳು. ಎರಡು ವರ್ಷ ರಜೆಗೆ ಬಂದಾಗೆಲ್ಲ ಆಕೆ ಬಡಿಸಿದ್ದನ್ನು ಉಂಡ ನನಗೂ ಅದು ನೆನಪಿರಲಿಲ್ಲ.

ಅಂದಿನಿಂದ ನನ್ನ ಪಾಠ ಶುರುವಾಯಿತು. ಅಣ್ಣ ಕಚೇರಿಗೆ ಹೋಗಿ, ಅವ್ವ ಊಟ ಮಾಡಿ ಅಡ್ಡಾದ ಮೇಲೆ, ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ನೋಟ್‌ಬುಕ್ ಹಿಡಿದು ಕೂಡುತ್ತಿದ್ದೆ. ವೈನಿ ಕಾಳು ಹಸನು ಮಾಡುತ್ತ, ಹಳೆಯ ಇಂಗ್ಲಿಷ್ ಪತ್ರಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಓದುವಳು, ನಿಲ್ಲುವಳು, ಮತ್ತೆ ಓದುವಳು. ನಾನು ಬರೆಯುವೆ. ತಪ್ಪಿಗೆ ನಗುತ್ತಿರಲಿಲ್ಲ. ಅದೇ ಸಾಲನ್ನು ಇನ್ನೊಮ್ಮೆ ಓದುವಳು, ಅಷ್ಟೇ. 'ಎ' ಎಲ್ಲಿ, 'ದ' ಎಲ್ಲಿ ಎನ್ನುವುದು ನನ್ನ ತಲೆಗೆ ಹತ್ತಿರಲಿಲ್ಲ. ಬಾಗಿಲಿಗೆ ಮೊದಲ ಸಲ ಬಂದವನು 'ಎ ಮ್ಯಾನ್', ಚಹಾ ಕುಡಿದು ಹೋಗಿ ಮತ್ತೆ ಬಂದರೆ ಅವನೇ 'ದ ಮ್ಯಾನ್' ಎಂದು ಆಕೆ ಹೇಳಿಕೊಟ್ಟಳು. ಮೂವತ್ತು ವರ್ಷ ನಾನು ತರಗತಿಯಲ್ಲಿ ಇದನ್ನೇ ಹೇಳಿದ್ದೇನೆ, ನನ್ನದೇ ಎಂಬಂತೆ.

ಹೊರಗೆ ಮಾತ್ರ ಇದು ಯಾರಿಗೂ ಗೊತ್ತಾಗಬಾರದಿತ್ತು. ಹೆಂಗಸಿನ ಹತ್ತಿರ, ಅದೂ ಅಡಿಗೆಮನೆಯಲ್ಲಿ ಕಲಿಯುತ್ತಾನೆ ಎಂದು ಗೆಳೆಯರು ಆಡಿಕೊಂಡಾರೆಂಬ ಅಂಜಿಕೆ. ವೈನಿಗೂ ಹಾಗೆಂದು ಹೇಳಿದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ಆಗಲಿ ಎಂದಳು. ನನ್ನ ನಾಚಿಕೆ ಅಲ್ಲೇ ಶುರುವಾಗಬಹುದಿತ್ತು. ಆಗಲಿಲ್ಲ.

ಪರೀಕ್ಷೆಯ ಅರ್ಜಿ ಫಾರ್ಮನ್ನು ನಾನು ಎರಡು ತರಿಸಿದ್ದೆ. ಒಂದನ್ನು ಕೆಡಿಸುತ್ತೇನೆಂಬ ಖಾತ್ರಿ ಇತ್ತು. ವೈನಿ ಪಕ್ಕದಲ್ಲಿ ಕೂತು ಹೇಳಿದ್ದರಿಂದ ಮೊದಲನೆಯದೇ ಸರಿಯಾಯಿತು. ಉಳಿದದ್ದನ್ನು ಗೋಡೆಯ ಗೂಡಿನಲ್ಲಿ ಇಟ್ಟು ಬಿಟ್ಟೆ.

ಪರೀಕ್ಷೆಗೆ ಹತ್ತು ದಿನವಿದ್ದಾಗ ಅಂಚೆಯ ಹುಸೇನಸಾಬರು ಸೈಕಲ್ ನಿಲ್ಲಿಸಿದರು. ನಾನು ಕಟ್ಟೆಯ ಮೇಲೆಯೇ ಇದ್ದೆ. ಒಂದೇ ತರದ ಎರಡು ಲಕೋಟೆ ಕೊಟ್ಟರು. "ಒಂದು ನಿಮ್ದ್ರಿ, ಒಂದು ನಿಮ್ಮ ವೈನಿಯವರ್ದು. ಒಳಗ ಕೊಡ್ರಿ," ಎಂದು ಹೇಳಿ ಹೋದರು.

ಎರಡರ ಮೇಲೂ ಧಾರವಾಡದ ಅದೇ ಮುದ್ರೆ. ಒಂದರ ಮೇಲೆ ವೈನಿಯ ಪೂರ್ತಿ ಹೆಸರು, ಮದುವೆಗೆ ಮುಂಚೆ ಇದ್ದಂತೆ. ನನ್ನದನ್ನು ಒಡೆದೆ. ಹಾಲ್ ಟಿಕೆಟ್. ಇನ್ನೊಂದು ಅಷ್ಟೇ ತೂಕ, ಅಷ್ಟೇ ದಪ್ಪ. ಗೂಡಿಗೆ ಹೋಗಿ ನೋಡಿದೆ. ಉಳಿದ ಫಾರ್ಮು ಅಲ್ಲಿರಲಿಲ್ಲ.

ಈಗ ನಿಮಗೆ ಹೇಳುವುದನ್ನು ನಾನು ಬಹಳ ವರ್ಷ ನನಗೇ ಬೇರೆ ರೀತಿ ಹೇಳಿಕೊಂಡಿದ್ದೆ. ಅಣ್ಣ ಸಿಟ್ಟಾಗುತ್ತಿದ್ದ, ಅವ್ವ ಅನ್ನ ಬಿಡುತ್ತಿದ್ದಳು, ಮನೆಯ ಶಾಂತಿಗಾಗಿ ಹಾಗೆ ಮಾಡಿದೆ ಎಂದು. ಅದಲ್ಲ. ಸೀಟು ಕಡಿಮೆ ಇದ್ದವು. ನಾವಿಬ್ಬರೂ ಬರೆದರೆ ಆಕೆಗೆ ಸಿಗುತ್ತದೆ, ನನಗೆ ಸಿಗುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆಕೆಯ ಮಟ್ಟ ನನ್ನಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತಿರಲು ಸಾಧ್ಯ? ಲಕೋಟೆಯನ್ನು ನನ್ನ ಟ್ರಂಕಿನ ತಳದಲ್ಲಿ, ಅಂಗಿಗಳ ಕೆಳಗೆ ಇಟ್ಟೆ. ನಾಳೆ ಕೊಟ್ಟರಾಯಿತು ಎಂದುಕೊಂಡೆ.

ಅಂದೇ ಮಧ್ಯಾಹ್ನ ಪಾಠದ ನಡುವೆ ವೈನಿ ಕೇಳಿದಳು: "ನಿನ್ನ ಪತ್ರ ಬಂತಂತಲ್ಲ. ಬ್ಯಾರೆ ಏನಾರ ಬಂದಿತ್ತೇನು?"

"ಇಲ್ಲ ವೈನಿ. ನಂದೊಂದ ಬಂತು," ಎಂದೆ.

ಆಕೆ ತಲೆ ಬಗ್ಗಿಸಿ ಕಾಳಿನಲ್ಲಿ ಹರಳು ಹುಡುಕಿದಳು. ಮತ್ತೆ ಪತ್ರಿಕೆ ಎತ್ತಿಕೊಂಡು, ಬಿಟ್ಟಲ್ಲಿಂದ ಓದತೊಡಗಿದಳು. ಉಳಿದ ದಿನಗಳಲ್ಲಿ ಪಾಠ ಇನ್ನೂ ಬಿಗಿಯಾಯಿತು. ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ಕೊನೆಯ ಮೂರು ದಿನ ದಿನಕ್ಕೆರಡು ಪ್ರಬಂಧ ಬರೆಸಿದಳು. ಹೊರಡುವ ದಿನ ಸಜ್ಜಿರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತಳು. ನಾನು ತಿರುಗಿ ನೋಡಲಿಲ್ಲ.

ಕುಷ್ಟಗಿಯಿಂದ ಕೊಪ್ಪಳಕ್ಕೆ ಬಸ್ಸು, ಅಲ್ಲಿಂದ ರೈಲು. ಗದಗ ದಾಟಿದ ಮೇಲೆ ಆ ಲಕೋಟೆಯನ್ನು ಒಡೆಯದೆಯೇ ಸಣ್ಣಗೆ ಹರಿದು ಕಿಟಕಿಯಿಂದ ಬಿಟ್ಟೆ. ಒಂದೆರಡು ಚೂರು ಗಾಳಿಗೆ ಹೊಳ್ಳಿ ನನ್ನ ಮೇಲೇ ಬಂದವು. ಎದುರಿಗೆ ಕೂತ ಮುದುಕ, ಏನ್ ಪತ್ರ ಎಂದು ಕೇಳಿದ. ಬ್ಯಾಡಾದದ್ದು ಎಂದೆ.

ಪರೀಕ್ಷೆಯಲ್ಲಿ ಓದಿ ಬರೆಸುವಾಗ ಒಬ್ಬ ಪ್ರಾಧ್ಯಾಪಕರು ನಿಂತು ನಿಂತು ಓದಿದರು. ಸುತ್ತ ಕೂತವರು ಪರದಾಡುತ್ತಿದ್ದರು. ನನಗೆ ಒಂದು ಪದವೂ ತಪ್ಪಲಿಲ್ಲ. ಸೀಟು ಸಿಕ್ಕಿತು. ಅಣ್ಣ ಓಣಿಗೆಲ್ಲ ಪೇಢಾ ಹಂಚಿದ. ವೈನಿ "ಕಂಗ್ರಾಚ್ಯುಲೇಷನ್ಸ್" ಎಂದಳು. ಪಾಠದ ಹೊರಗೆ ಆಕೆ ನನ್ನೊಡನೆ ಆಡಿದ ಇಂಗ್ಲಿಷ್ ಅದೊಂದೇ. ನಾನು ಥ್ಯಾಂಕ್ಯೂ ಎಂದು ಹೇಳಿ ಹೊರಗೆ ಹೋದೆ. ಆಮೇಲೆ ಆಕೆಗೆ ಮಕ್ಕಳಾದವು, ನನಗೆ ನೌಕರಿಯಾಯಿತು, ಅವ್ವ ಹೋದಳು, ಅಣ್ಣನಿಗೆ ಯಲಬುರ್ಗಾಕ್ಕೆ ವರ್ಗವಾಯಿತು. ಹಬ್ಬಕ್ಕೆ ಹೋದಾಗೆಲ್ಲ ವೈನಿ ನನಗೆ ಮೊದಲು ಬಡಿಸುವಳು. ನಾನು ತಟ್ಟೆ ನೋಡುತ್ತ ಉಣ್ಣುವೆ. ಎಂಬತ್ತರ ದಶಕವಿಡೀ ಹೀಗೇ ಕಳೆಯಿತು. ಮುಂದಿನವೂ.

ನಸೀಮಾ ಕೇಳಿದ ಮರುದಿನ ನಾನು ಕೊಪ್ಪಳಕ್ಕೆ ಹೋದೆ. ವೈನಿ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಗಳು ಬ್ಯಾಂಕಿಗೆ ಹೋಗಿದ್ದಳು. ವೈನಿ ನಡುಮನೆಯಲ್ಲಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಹುಸೇನಸಾಬರು ಎರಡು ಲಕೋಟೆ ತಂದಿದ್ದರು ಎಂದಷ್ಟೇ ಹೇಳಲು ಆಯಿತು.

"ಗೊತ್ತೈತಿ," ಎಂದಳು ವೈನಿ.

ಎರಡು ದಿನ ಬಿಟ್ಟು ಬಂದ ಹುಸೇನಸಾಬರು ಬಾಗಿಲಲ್ಲಿ ಆಕೆಯನ್ನೇ ಕೇಳಿದ್ದರಂತೆ, ಪತ್ರ ಮುಟ್ಟಿತೇ ಎಂದು. ಮುಟ್ಟಿತು ಎಂದಿದ್ದಳಂತೆ. ಅಂದರೆ ಅದಾದ ಮೇಲೆಯೂ ಒಂದು ವಾರ ಆಕೆ ನನಗೆ ಓದಿ ಬರೆಸಿದ್ದಳು. ಆ ಪ್ರಬಂಧಗಳು, ಆ ರೊಟ್ಟಿ, ಎಲ್ಲ ತಿಳಿದೇ.

"ಮತ್ತ ಯಾಕ ಕೇಳಲಿಲ್ಲ ವೈನಿ?" ಎಂದೆ.

"ಒಮ್ಮೆ ಕೇಳಿದ್ನಲ್ಲ. ನೀ ಇಲ್ಲ ಅಂದಿ. ಎರಡನೇ ಸಲ ಕೇಳಿದ್ರ ನಿನಗ ಕಳ್ಳ ಅಂದಂಗ ಆಗ್ತಿತ್ತು. ಪರೀಕ್ಷಾಕ್ಕ ಹೋಗಾಂವಗ ಹಂಗ ಅನಬಾರದಂತ ಸುಮ್ಮನಾದೆ." ಒಂದು ಕಡ್ಡಿಯಿಂದ ಎಲೆ ಬಿಡಿಸಿ ಬುಟ್ಟಿಗೆ ಹಾಕಿದಳು. "ನೀ ಹೋದ ಮ್ಯಾಲೂ ಭಾಳೊತ್ತು ಬಾಗಿಲದಾಗ ನಿಂತಿದ್ದೆ. ಹೊಳ್ಳಿ ಬಂದು ಕೊಡ್ತಿ ಅಂತ."

ಅದರೊಳಗೆ ಏನು ಬರೆದಿತ್ತು ಎಂದು ಕೇಳಿದಳು. ನಾನು ಅದನ್ನು ಒಡೆದೇ ಇರಲಿಲ್ಲ ಎಂದೆ. ವೈನಿ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಅಂದು ಕಳ್ಳತನದ ದಿನವೂ ನಾನು ಅಷ್ಟು ಸಣ್ಣವನಾಗಿರಲಿಲ್ಲ. ಕರೆಯಲು ಬಂದಿತ್ತೋ, ಬೇಡ ಎನ್ನಲು ಬಂದಿತ್ತೋ, ಅಷ್ಟನ್ನಾದರೂ ಆಕೆಗೆ ತಿಳಿಸಬಹುದಾಗಿದ್ದ ಒಬ್ಬನೇ ಮನುಷ್ಯ ನಾನು. ಅದನ್ನೂ ಹರಿದು ಹಾಕಿದ್ದೆ.

ಕ್ಷಮಿಸು ಎಂದು ಕೇಳಿದೆ.

"ನನ್ನ ಮುಂದ ಕ್ಷಮಾ ಅಂದ್ರೇನು ಬಂತು ತಮ್ಮಾ? ನನಗ ಗೊತ್ತಿದ್ದದ್ದನ್ನ ನನಗ ಹೇಳಿದಿ. ಗೊತ್ತಿಲ್ಲದವರಿಗೆ ಹೇಳು."

ಬರೆಯುತ್ತೇನೆ ಎಂದೆ. ಸಣ್ಣ ದನಿಯಲ್ಲಿ, ಹೆಸರು ಹಾಕಬೇಕೋ ಬೇಡವೋ ಎಂದು ಕೇಳಿದೆ. ಆಗಲೂ ನನ್ನ ಮನಸ್ಸಿನ ಮೂಲೆಯಲ್ಲಿ, ಬೇಡ ಎನ್ನಲಿ ಎಂಬ ಆಸೆ ಇತ್ತು ಎಂಬುದನ್ನು ಮುಚ್ಚಿಡಲಾರೆ.

"ಹಾಕು. ಪೂರಾ ಹಾಕು. ಫಾರ್ಮಿನ್ಯಾಗ ನಾ ಬರದಂಗ ಹಾಕು," ಎಂದು ಹೇಳಿ, ಚಹಾ ಮಾಡಲು ಎದ್ದು ಒಳಗೆ ಹೋದಳು.

ಗಂಗಾವತಿಗೆ ಬಂದು ಮೊದಲು ನಸೀಮಾಳನ್ನು ಕರೆದು ಹೇಳಿದೆ. ಹುಡುಗಿ ಸರ್ ಎಂದು ಕರೆಯುವಾಗ ಈಗ ಸ್ವಲ್ಪ ತಡವರಿಸುತ್ತಾಳೆ. ಅದು ನನಗೆ ಸಲ್ಲತಕ್ಕದ್ದೇ. ಕಾರಟಗಿಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವರೇ, ನೀವು ಎಲ್ಲಿದ್ದರೂ ಕೇಳಿ: ನನಗೆ ಇಂಗ್ಲಿಷ್ ಕಲಿಸಿದವಳು ಸರೋಜಾ ಚನ್ನಪ್ಪ ಮುಂಡರಗಿ, ಬಿ.ಎ.