ಪಕ್ರಬ್ಬನವರ ಎರಡನೆಯ ಜೋಡಿ

ಪಕ್ರಬ್ಬನವರ ಹೊಸ ಬೂಟನ್ನು ಅವರು ಹಚ್ಚಿದ ಎಣ್ಣೆಯೇ ತಿಂದಿತು ಎಂದು ಬಂಟ್ವಾಳ ಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿಕ್ಕೆ ಸುಲಭ, ನಗಲಿಕ್ಕೂ ಒಳ್ಳೆಯದು. ಆದರೆ ಅದೇ ಎಣ್ಣೆ ಹಳೆಯ ಜೋಡಿಯನ್ನು ಯಾಕೆ ತಿನ್ನಲಿಲ್ಲ ಎಂದು ಕೇಳಿ ನೋಡಿ. ಕೂಡಲೇ ಚಹಾ ತರಿಸುತ್ತಾರೆ.

ಪಕ್ರಬ್ಬ ಬ್ಯಾರಿಯವರು ನೇತ್ರಾವತಿಯ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಮೇಲೆ ಮಾಸಿದ ಬನಿಯನ್, ನಡುವೆ ಎತ್ತಿ ಕಟ್ಟಿದ ಮುಂಡು, ಕೆಳಗೆ ಮೊಣಕಾಲಿನವರೆಗೆ ಕಡುನೀಲಿ ರಬ್ಬರಿನ ಬೂಟು. ಹಾಯಿದೋಣಿಯ ಪಂದ್ಯಕ್ಕೆ ಹೋಗುವ ವಿಲಾಯಿತಿ ಸಾಹೇಬರು ಹಾಕುವಂಥದ್ದು. ಪ್ರಾಯದಲ್ಲಿ ಸರಕಿನ ಹಡಗಿನಲ್ಲಿ ದುಡಿಯುತ್ತಿದ್ದಾಗ ಯಾರೋ ಪರದೇಶದ ನಾವಿಕ ಕೊಟ್ಟದ್ದಂತೆ. ಹಿಮ್ಮಡಿಯ ಮೇಲೆ ಲಂಗರಿನ ಗುರುತು, ಅಡಿಯಲ್ಲಿ ಕೂದಲೆಳೆಯಂಥ ಗೀರುಗಳು. ಒದ್ದೆ ಹಲಗೆಯನ್ನು ಅದು ಹಲ್ಲಿ ಗೋಡೆ ಹಿಡಿದಂತೆ ಹಿಡಿಯುತ್ತಿತ್ತು.

ಶೋಕಿಗೆ ಹಾಕಿದ್ದಲ್ಲ. ಅವರಿಗೆ ಸಕ್ಕರೆ ಕಾಯಿಲೆ. ನೀರಿನಲ್ಲಿ ನೆನೆದು ನೆನೆದು ಬೆರಳುಗಳ ಸಂದಿಯಲ್ಲಿ ಮಾಯದ ಹುಣ್ಣು. ಇನ್ನೂ ಕಾಲು ಒದ್ದೆ ಮಾಡಿಕೊಂಡರೆ ಬೆರಳು ತೆಗೆಯಬೇಕಾದೀತು, ದೋಣಿಯ ಆಸೆ ಬಿಡಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಬೂಟು ಗಟ್ಟಿ ಇದ್ದಷ್ಟು ದಿನ ದೋಣಿ, ಅಷ್ಟೇ.

ಮಳೆಗಾಲಕ್ಕೆ ಮೊದಲು ದೋಣಿಯನ್ನು ಕವುಚಿ ಹಾಕಿ ಮೀನೆಣ್ಣೆ ಬಳಿಯುವುದು ಕ್ರಮ. ಬಟ್ಟೆಯಲ್ಲಿ ಉಳಿದದ್ದನ್ನು ಅವರು ಬೂಟಿಗೆ ಒರೆಸುತ್ತಿದ್ದರು. "ದೋಣಿಗೆ ಕೊಟ್ಟು ಇದಕ್ಕೆ ಕೊಡದಿದ್ದರೆ ಮುನಿಸಿಕೊಳ್ತದೆ ಮಾರಾಯ" ಎನ್ನುತ್ತಿದ್ದರು. ಆ ವಾಸನೆಗೆ ಅಂಗಡಿಯವರು, ಬೂಟು ಬಂತು, ಇನ್ನು ಬ್ಯಾರಿ ಬರಬಹುದು ಎಂದು ತಮಾಷೆ ಮಾಡುತ್ತಿದ್ದರು.

ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ನೆರೆಯಲ್ಲಿ ಪೇಟೆಯ ಬೀದಿಯೇ ಹೊಳೆಯಾಯಿತು. ಪಕ್ರಬ್ಬನವರು ದೋಣಿಯನ್ನು ನಮ್ಮ ಮಹಡಿಯ ಕಿಟಕಿಗೆ ತಂದು ನಿಲ್ಲಿಸಿದರು. ಉಪ್ಪಿನಕಾಯಿ ಭರಣಿ ಬಿಟ್ಟು ಇಳಿಯುವುದಿಲ್ಲವೆಂದು ಅಜ್ಜಿಯ ಹಟ. ಅವರು ವಾದ ಮಾಡಲಿಲ್ಲ. "ಭರಣಿ ಮೊದಲು ಬರಲಿ ಅಮ್ಮ. ನೀವು ಮುಳುಗಿದರೆ ನಾನು ಹೇಗಾದರೂ ಎತ್ತುತ್ತೇನೆ, ಭರಣಿ ಮುಳುಗಿದರೆ ನೀವು ನನ್ನನ್ನು ಬಿಡುವುದಿಲ್ಲ." ಒಂದು ಕಾಲು ಕಿಟಕಿಯ ದಂಡೆಯಲ್ಲಿ, ಇನ್ನೊಂದು ಓಲಾಡುವ ದೋಣಿಯಲ್ಲಿ ಊರಿ, ಅಜ್ಜಿಯನ್ನು ಮಗುವಿನಂತೆ ಇಳಿಸಿಕೊಂಡರು. ಬೂಟು ಒಂದಿಷ್ಟೂ ಜಾರಲಿಲ್ಲ.

ಆ ಜೋಡಿ ಮತ್ತೂ ಎಷ್ಟೋ ಮಳೆಗಾಲ ಬಾಳಿತು. ಸೈಕಲ್ ಅಂಗಡಿಯ ತೇಪೆಗೂ ಬಗ್ಗದಷ್ಟು ಬಿರಿದ ಮೇಲೆ, ದುಬಾಯಿಯಲ್ಲಿದ್ದ ಅವರ ತಂಗಿಯ ಮಗ ಹಮೀದ್ ಹೊಸದು ತಂದ. ಅದೇ ನೀಲಿ, ಅದೇ ಲಂಗರು. ಹಳೆಯದಕ್ಕಿಂತ ಹೊಳಪು ಹೆಚ್ಚು, ತೂಕ ಕಡಿಮೆ. ಹಮೀದ್ ಆಚೆ ಹೋದ ಮೇಲೆ ಪಕ್ರಬ್ಬನವರು ಒಂದನ್ನು ಮೂಸಿ ನನ್ನ ಕೈಗೆ ಕೊಟ್ಟರು.

"ರಬ್ಬರಿನ ವಾಸನೆ ಉಂಟಾ ನೋಡು. ನನಗೆ ಜಾತ್ರೆಯ ಪ್ಲಾಸ್ಟಿಕ್ ಗೊಂಬೆಯ ವಾಸನೆ ಬರ್ತದೆ."

ಅದೇ ಮಳೆಗಾಲದಲ್ಲಿ, ಕಾಲು ಬಗ್ಗುವ ಜಾಗದಲ್ಲಿ ಹೊಸ ಬೂಟಿನ ಅಡಿ ಬಿಟ್ಟಿತು. ಅವರು ಯಾರಿಗೂ ಹೇಳಲಿಲ್ಲ. ಒಳಗೆ ನೀರಿನ ಪಚಪಚ ಸದ್ದು ಕೇಳಿ ಯಾರಾದರೂ ವಿಚಾರಿಸಿದರೆ ಬೆವರು ಎನ್ನುತ್ತಿದ್ದರು. ನಾನು ಮೂಡುಬಿದಿರೆಯ ಕಾಲೇಜಿನಿಂದ ರಜೆಗೆ ಬರುವಷ್ಟರಲ್ಲಿ ಎಡಗಾಲಿನ ಎರಡು ಬೆರಳು ಹೋಗಿದ್ದವು, ದೋಣಿ ಬೇರೆಯವರದಾಗಿತ್ತು. ಪಾಣೆಮಂಗಳೂರಿನಲ್ಲಿ ಒಂದು ಅಂಗಡಿಯ ಜಗಲಿಯಲ್ಲಿ ಹೊಳೆಗೆ ಬೆನ್ನು ಹಾಕಿ ಕೂತಿದ್ದರು. ಎಣ್ಣೆಯ ಕತೆಯನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ. ತಪ್ಪು ತನ್ನದೇ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನಾನು ಬಿಡುವವನಲ್ಲ. ಎಣ್ಣೆ ಅದೇ, ಒರೆಸಿದ ಬಟ್ಟೆ ಅದೇ, ಕೈ ಅದೇ. ಹೊಸದು ಎಣ್ಣೆ ತಡೆಯಲಿಲ್ಲ ಎಂದೇ ಇಟ್ಟುಕೊಳ್ಳುವ, ಆಗಲೂ ಬದಲಾದದ್ದು ಬೂಟು ತಾನೆ ಎಂದೆ. ಅವರು ಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತ, ಮಗನನ್ನು ಕರೆಯುವಂತೆ ಕರೆದು ಹೇಳಿದರು.

"ನಿನ್ನ ವಾದ ಸರಿ ಉಂಟು ಮೋನೆ. ಆದರೆ ನೀನು ಗೆದ್ದರೆ ಸೋಲುವುದು ಯಾರು? ಅಂಗಡಿಯವನಾ, ಬೂಟು ಮಾಡಿದವನಾ? ಅವರಿಗೆ ನಿನ್ನ ಮಾತು ಮುಟ್ಟುವುದೇ ಇಲ್ಲ. ನಮ್ಮ ಹಮೀದ್ ಸೋಲ್ತಾನೆ. ಪ್ರೀತಿಯಿಂದ ತಂದವ."

ನಾನು ವಾದ ಬಿಟ್ಟೆ. ಒಪ್ಪಿ ಅಲ್ಲ, ಆಯಾಸವಾಗಿ. ಆ ಲಂಗರಿನ ಗುರುತನ್ನು ನಂಬಿಯೇ ಅವರು ಕಾಲು ಒಳಗಿಟ್ಟಿದ್ದರು. ಗುರುತು ಹಾಕಿದವರಿಗೆ ಯಾರ ಕಾಲು ಎಂದೂ ಗೊತ್ತಿಲ್ಲ. ಇಂಥದ್ದನ್ನು ಯಾವ ವೇದಿಕೆಯಲ್ಲಿ ನಿಂತು ವಾದಿಸುವುದು?

ಹುಣ್ಣು ಮೇಲೇರಿ ಈ ಬೇಸಗೆಯಲ್ಲಿ ಅವರು ತೀರಿಕೊಂಡರು. ಮನೆಗೆ ಹೋದಾಗ ಹಮೀದ್ ಬಂದಿದ್ದ. ಅಂಗಳದಲ್ಲಿ ಕೂತವರಿಗೆ, ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ, ಅದನ್ನೇ ಹೇಳುತ್ತಿದ್ದ. "ಎಣ್ಣೆ ಹಾಕಬೇಡಿ ಅಂತ ಎಷ್ಟು ಹೇಳಿದೆ ಮಾಮನಿಗೆ. ಸಾಧಾರಣ ಮಾಲಲ್ಲ ಅದು. ಒಂದೇ ಅಂಗಡಿಯಿಂದ ಎರಡು ಜೋಡಿ ತೆಗೆದದ್ದು ನಾನು, ಅಲ್ಲಿ ಬಂದರಿನ ಕೆಲಸಕ್ಕೆ ನನಗೊಂದು, ಮಾಮನಿಗೊಂದು."

ಎಲ್ಲರೂ ತಲೆಯಾಡಿಸಿದರು. ಅವರು ಎದ್ದು ಹೋಗುವವರೆಗೆ ಕಾದು, ನಾನು ಅವನ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದೆ:

"ಹಮೀದ್, ನಿನ್ನ ಜೋಡಿಗೆ ಎಣ್ಣೆ ತಾಗಿಲ್ಲವಲ್ಲ. ಅದು ಈಗ ಎಲ್ಲಿ ಉಂಟು?"